ಬಸುರಿಯ ಊಟ, ಬಾಣಂತಿಯ ಪಥ್ಯ

ಈ ಲೇಖನವನ್ನು ಬರೆಯಲು ಕುಳಿತಾಗ ನನ್ನ ಮುಂದಿದ್ದ ಮೊದಲನೆಯ ಆಕರಗ್ರಂಥವೆಂದರೆ ನಮ್ಮ ಅಕ್ಕನ ತಾಯಿ ಕಾರ್ಡು. ಸರ್ಕಾರದವರು ಗರ್ಭಿಣಿಯರಿಗೆ ಕೊಡುವ ಈ ಕಾರ್ಡಿನಲ್ಲಿ ತೂಕ, ರಕ್ತದ ಒತ್ತಡ, ಹಿಮೋಗ್ಲೋಬಿನ್ ಮೊದಲಾದುವನ್ನು ಬರೆದಿರುತ್ತಾರೆ. ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಅವ್ವನಿಗೆ ಅಕ್ಷರ ಬಾರದು. ಡಾಕ್ಟರಮ್ಮನವರು ಇಂಗ್ಲಿಷಿನಲ್ಲಿ ಗೀಚಿದ್ದನ್ನು ಓದಿ ಅರ್ಥ ಹೇಳುವ ಕೆಲಸ ಮನೆಯಲ್ಲಿ ನನ್ನ ಪಾಲಿಗೆ ಬಂತು. ಐದು ತಿಂಗಳು ತುಂಬಿ ಅಕ್ಕ ತವರಿಗೆ ಬಂದಾಗ ಆ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9.2 ಎಂದಿತ್ತು. “ಎಷ್ಟಕ್ಕೆ ಎಷ್ಟು?” ಎಂದು ಅವ್ವ ಕೇಳಿದಳು. ಮಗಳ ಪರೀಕ್ಷೆಯ ಅಂಕಗಳನ್ನು ಕೇಳಿ ಕೇಳಿ ಅವಳಿಗೆ ಆ ಪ್ರಶ್ನೆ ರೂಢಿಯಾಗಿದೆ. ನನಗೂ ಆಗ ಉತ್ತರ ತಿಳಿದಿರಲಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುತ್ತಿರುವ ನಾನು ವೈದ್ಯಶಾಸ್ತ್ರದ ಗೊಡವೆಗೆ ಹೋದುದು ಈ ಒಂದು ಪ್ರಶ್ನೆಯಿಂದಲೇ.

ಉತ್ತರ ಇಷ್ಟು. ಗರ್ಭಿಣಿಯ ನೂರು ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 11 ಗ್ರಾಂ ಹಿಮೋಗ್ಲೋಬಿನ್ ಇರತಕ್ಕದ್ದು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ ಎಂದು ನಮ್ಮ ಸರ್ಕಾರಿ ಕಾರ್ಯಕ್ರಮಗಳಲ್ಲಿ ಎಣಿಸುತ್ತಾರೆ. 2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಯೂ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಯೂ ರಕ್ತಹೀನರು. ಎಂದರೆ ಸಂತೆಯ ದಿನ ಬಸ್ಸಿನಲ್ಲಿ ಇಬ್ಬರು ಬಸುರಿಯರನ್ನು ಕಂಡರೆ ಹೆಚ್ಚು ಕಡಿಮೆ ಒಬ್ಬಳು ಈ ಲೆಕ್ಕಕ್ಕೆ ಸೇರಿದವಳೆಂದು ತಿಳಿಯಬಹುದು. ಹೆರಿಗೆಯಲ್ಲಿ ರಕ್ತಸ್ರಾವವಾಗುವುದು ಸಹಜ. ಇದ್ದುದೇ ಕಡಿಮೆಯಿರುವವಳಿಗೆ ಅದೇ ಪ್ರಾಣಾಪಾಯವಾಗುತ್ತದೆ.

ಗರ್ಭಿಣಿಯಾದೊಡನೆ ರಕ್ತ ಏಕೆ ತೆಳುವಾಗಬೇಕು? ದೇಹವು ಬೇಕೆಂದೇ ಹಾಗೆ ಮಾಡುತ್ತದೆ. ಒಳಗಿನ ಶಿಶುವಿಗೆ ಹರಿಸಬೇಕಾದ ರಕ್ತದ ಪ್ರಮಾಣ ಹೆಚ್ಚಬೇಕಲ್ಲವೆ? ರಕ್ತದ ನೀರಿನಂಶ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕೆಂಪು ಕಣಗಳು ಅಷ್ಟು ಬೇಗ ಹೆಚ್ಚಲಾರವು. ಹತ್ತು ಜನಕ್ಕೆ ಮಾಡಿದ ಸಾರಿಗೆ ನೆಂಟರು ಬಂದರೆಂದು ನೀರು ಹೊಯ್ದಂತೆ ಆಗುತ್ತದೆ. ಖಾರ, ಉಪ್ಪು, ಬೇಳೆಗಳನ್ನೂ ಸೇರಿಸಿದರೆ ಸಾರು ಸಾರಾಗಿಯೇ ಇರುವುದು. ಇಲ್ಲಿ ಸೇರಿಸಬೇಕಾದುದು ಮುಖ್ಯವಾಗಿ ಕಬ್ಬಿಣ. ಒಂದು ಬಸುರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಹೆಚ್ಚಾಗಿ ಬೇಕೆಂದು ಲೆಕ್ಕ ಹಾಕಿದ್ದಾರೆ. ತೂಗಿದರೆ ಒಂದು ಗ್ರಾಂ. ಒಂದು ಸಣ್ಣ ಮೊಳೆಯಷ್ಟು. ಆ ಮೊಳೆಯಷ್ಟನ್ನು ದೇಹದೊಳಕ್ಕೆ ಸೇರಿಸುವುದು ಎಷ್ಟು ಕಷ್ಟವೆಂಬುದನ್ನು ನಾನು ಅಕ್ಕನ ವಿಷಯದಲ್ಲಿ ತಪ್ಪು ಮಾಡಿ ಕಲಿತೆನು.

ಆ ತಪ್ಪನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸರ್ಕಾರವು ನಾಲ್ಕನೆಯ ತಿಂಗಳಿನಿಂದ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವ ಕೆಂಪು ಗುಳಿಗೆಯನ್ನು 180 ದಿನ ದಿನಕ್ಕೊಂದರಂತೆ ಕೊಡುತ್ತದೆ. ರಕ್ತ ಕಡಿಮೆಯಿದ್ದವರಿಗೆ ದಿನಕ್ಕೆ ಎರಡು. ಅಕ್ಕನಿಗೆ ಎರಡು ಬರೆದಿದ್ದರು. ನುಂಗಿದರೆ ಅವಳಿಗೆ ಹೊಟ್ಟೆ ತೊಳಸಿದಂತಾಗುತ್ತಿತ್ತು. ಮಲ ಕಪ್ಪಾದುದನ್ನು ಕಂಡು ಅಜ್ಜಿ, “ಕೂಸೂ ಹಂಗೇ ಕರ್ರಗೆ ಹುಟ್ತದೆ, ಬಿಡವ್ವ ಅದನ್ನ” ಎಂದಳು. ನಾನಾದರೂ ಏನು ಮಾಡಿದೆ? ಎಲ್ಲಿಯೋ ರಾಗಿಯಲ್ಲಿ ಕಬ್ಬಿಣಾಂಶ ಹೇರಳವಾಗಿದೆಯೆಂದು ಓದಿದ್ದೆ. ಓದಿದವಳೆಂಬ ಗರ್ವ ಬೇರೆ. “ಗುಳಿಗೆ ಒಗ್ಗದಿದ್ದರೆ ಬೇಡ ಬಿಡಕ್ಕ, ಎರಡು ಹೊತ್ತು ಮುದ್ದೆ, ಒಂದು ಹೊತ್ತು ರಾಗಿ ಗಂಜಿ, ಅದೇ ಸಾಕು” ಎಂದೆ. ಆರು ವಾರ ಕಳೆದು ರಕ್ತ ಪರೀಕ್ಷೆಯಾಯಿತು. 9.2 ಇದ್ದುದು 8.4ಕ್ಕೆ ಇಳಿದಿತ್ತು. ಡಾಕ್ಟರಮ್ಮನವರು ಅಕ್ಕನನ್ನು ಗದರಿಸಿದರು. ಗದರಿಕೆ ಸಲ್ಲಬೇಕಾದವಳು ಪಕ್ಕದ ಬೆಂಚಿನ ಮೇಲೆ ಚೀಲ ಹಿಡಿದು ಕುಳಿತಿದ್ದಳು.

ರಾಗಿಯನ್ನು ನಾನು ನಿಂದಿಸುತ್ತಿಲ್ಲ; ರಾಗಿ ತಿಂದೇ ಬೆಳೆದವಳು. ಆದರೆ ಅದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿಯಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶವಿದೆ. ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಬಿಳಿಯ ಅಕ್ಕಿಯಲ್ಲಂತೂ ಹತ್ತೂ ಇಲ್ಲ. ಸುಣ್ಣಾಂಶಕ್ಕೆ ರಾಗಿಯನ್ನು ಮೀರಿಸುವ ಧಾನ್ಯ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಕಬ್ಬಿಣವಾದರೋ ನೂರು ಗ್ರಾಮಿಗೆ ನಾಲ್ಕೂವರೆ ಮಿಲಿಗ್ರಾಮಿನಷ್ಟು. ಒಂದು ಕೆಂಪು ಗುಳಿಗೆಯ ಕಬ್ಬಿಣಕ್ಕೆ ಸಮನಾಗಬೇಕಾದರೆ ಒಂದು ಕೆ.ಜಿ. ಮುನ್ನೂರು ಗ್ರಾಂ ಹಿಟ್ಟಿನ ಮುದ್ದೆಯನ್ನು ಒಂದೇ ದಿನ ತಿನ್ನಬೇಕು! ತಿಂದರೂ ಕಾಳುಕಡ್ಡಿಗಳಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಹತ್ತು ಪಾಲು ರಕ್ತಕ್ಕೆ ಸೇರುವುದೂ ಕಷ್ಟ. ರಾಗಿಯ ಸಿಪ್ಪೆಯಲ್ಲಿರುವ ಟ್ಯಾನಿನ್, ಫೈಟೇಟ್ ಎಂಬ ವಸ್ತುಗಳು ಕಬ್ಬಿಣವನ್ನು ಕರುಳಿನಲ್ಲಿಯೇ ಹಿಡಿದಿಟ್ಟುಬಿಡುತ್ತವೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಈ ತಡೆ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ.

ಇದೇ ಟ್ಯಾನಿನ್ ಕಾಫಿ, ಚಹಾಗಳ ಜಾತಿಯ ಪಾನೀಯಗಳಲ್ಲಿಯೂ ಇದೆ. ನಮ್ಮ ಕಡೆಯ ಹೆಂಗಸರು ತಿಂಡಿ ತಿಂದ ಮರುಗಳಿಗೆಯಲ್ಲಿ ಕಾಫಿ ಕುಡಿಯುತ್ತಾರೆ. ಬಾಯಿಗೆ ಬಂದ ಕಬ್ಬಿಣ ಹೊಟ್ಟೆಗೆ ದಕ್ಕುವುದಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಇರಬೇಕು. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿರುವ ‘ಸಿ’ ಜೀವಸತ್ವವು ಕಬ್ಬಿಣವನ್ನು ಒಳಕ್ಕೆ ಕರೆದೊಯ್ಯುತ್ತದೆ. ಹುರುಳಿಕಾಳನ್ನು ಮೊಳಕೆ ಕಟ್ಟಿ ಉಸಲಿ ಮಾಡಿ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದು ಬಡವರ ಟಾನಿಕ್ಕು. ಸರ್ಕಾರದಿಂದ ಕೊಡುವ ಸುಣ್ಣಾಂಶದ ಗುಳಿಗೆಯನ್ನು ಕಬ್ಬಿಣದ ಗುಳಿಗೆಯ ಜೊತೆಗೆ ನುಂಗಬಾರದು. ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಸುಣ್ಣದ್ದನ್ನು ಊಟದ ಜೊತೆಗೂ ಕಬ್ಬಿಣದ್ದನ್ನು ಬೇರೆಯ ಹೊತ್ತಿನಲ್ಲಿಯೂ ತೆಗೆದುಕೊಳ್ಳತಕ್ಕದ್ದು. ವಾಕರಿಕೆಯಾಗುವವರು ರಾತ್ರಿ ಮಲಗುವ ಹೊತ್ತಿಗೆ ನುಂಗಿದರೆ ತೊಂದರೆ ಕಡಿಮೆ. ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ. ಅದಕ್ಕೂ ಮಗುವಿನ ಬಣ್ಣಕ್ಕೂ ಏನೇನೂ ಸಂಬಂಧವಿಲ್ಲ. ಇಷ್ಟನ್ನು ಗುಳಿಗೆ ಕೊಡುವಾಗಲೇ ಐದು ನಿಮಿಷ ಕುಳಿತು ಹೇಳಿದ್ದರೆ ಎಷ್ಟೋ ಗುಳಿಗೆಗಳು ತಿಪ್ಪೆಗೆ ಬೀಳುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಗುಳಿಗೆಯಲ್ಲಿ ಕಬ್ಬಿಣದ ಜೊತೆಗಿರುವ ಫೋಲಿಕ್ ಆಮ್ಲದ ಕಥೆ ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಬಹಳ ಹಿಡಿಸಿತು, ಏಕೆಂದರೆ ಅದು ನಮ್ಮ ದೇಶದ ಬಡ ಬಸುರಿಯರಿಂದಲೇ ಹೊರಟ ಕಥೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹೆಂಗಸರಲ್ಲಿ ಗರ್ಭಿಣಿಯಾದಾಗ ಒಂದು ಬಗೆಯ ರಕ್ತಹೀನತೆ ಕಾಣಿಸಿಕೊಂಡು ಅನೇಕರು ಸಾಯುತ್ತಿದ್ದರು. ಅವರ ಕೆಂಪು ಕಣಗಳು ಸಣ್ಣಗಾಗುವ ಬದಲು ಊದಿಕೊಂಡಿರುತ್ತಿದ್ದುವು. ಇದು ರೋಗಾಣುವಿನಿಂದಲೋ ಆಹಾರದ ಕೊರತೆಯಿಂದಲೋ ಎಂದು ವಿಲ್ಸ್ ಅವರು ಹುಡುಕುತ್ತ ಹೋದರು. ನೀಲಗಿರಿಯ ಕುನೂರಿನ ಪ್ರಯೋಗಶಾಲೆಯಲ್ಲಿಯೂ ಕೆಲಸ ಮಾಡಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ಸಾರವನ್ನು ಕೊಟ್ಟಾಗ ರೋಗಿಗಳು ಚೇತರಿಸಿಕೊಂಡುದನ್ನು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ವಸ್ತು ಯಾವುದೆಂದು ಆಗ ತಿಳಿಯದೆ ‘ವಿಲ್ಸ್ ಅಂಶ’ ಎಂದು ಕರೆದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ ಲ್ಯಾಟಿನ್ ಭಾಷೆಯಲ್ಲಿ ಎಲೆ ಎಂಬರ್ಥದ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ವಿಲ್ಸ್ ಅವರು ಹುಡುಕುತ್ತಿದ್ದುದು ಅದೇ.

ಸೊಪ್ಪಿನಲ್ಲಿರುವ ಈ ಅಂಶ ಕುದಿಸಿದಷ್ಟೂ ನೀರಿಗೆ ಇಳಿಯುತ್ತದೆ, ಶಾಖಕ್ಕೆ ಸ್ವಲ್ಪ ನಾಶವಾಗುತ್ತದೆ. ಬೇಯಿಸಿದ ನೀರನ್ನು ಚೆಲ್ಲುವವರು ಅರ್ಧ ಸೊಪ್ಪನ್ನು ಚೆಲ್ಲಿದಂತೆ. ನಮ್ಮ ಬಯಲುಸೀಮೆಯ ಬಸ್ಸಾರು ಈ ದೃಷ್ಟಿಯಿಂದ ಎಂಥ ಜಾಣತನದ ಅಡಿಗೆ! ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿದ ನೀರೇ ಸಾರಾಗುತ್ತದೆ, ಮೇಲಿನದು ಪಲ್ಯವಾಗುತ್ತದೆ. ಯಾವ ವಿಶ್ವವಿದ್ಯಾನಿಲಯವೂ ನಮ್ಮ ಅಜ್ಜಿಗೆ ಇದನ್ನು ಕಲಿಸಿರಲಿಲ್ಲ.

ಫೋಲಿಕ್ ಆಮ್ಲದ ವಿಷಯದಲ್ಲಿ ಸೋದರಿಯರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಶಿಶುವಿನ ಮೆದುಳು, ಬೆನ್ನುಹುರಿಗಳಾಗುವ ನರಕೊಳವೆಯು ಗರ್ಭ ನಿಂತ ಮೇಲೆ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ಕೊಳವೆ ಸರಿಯಾಗಿ ಮುಚ್ಚದಿದ್ದರೆ ಬೆನ್ನುಹುರಿ ತೆರೆದ ಮಗು ಹುಟ್ಟಬಹುದು. ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆಂಬುದು 1991ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಿಂದ ಸ್ಥಿರಪಟ್ಟಿತು. ಆದುದರಿಂದ ಮಗು ಬೇಕೆನ್ನುವವರು ಗರ್ಭ ನಿಲ್ಲುವ ಒಂದೆರಡು ತಿಂಗಳು ಮೊದಲೇ ಇದನ್ನು ಆರಂಭಿಸಬೇಕು. ಮದುವೆಯ ಹಂದರದಲ್ಲಿ ಈ ಮಾತನ್ನು ಹೇಳುವವರು ಯಾರು? ನಾಚಿಕೆ ಅಡ್ಡ ಬರುತ್ತದೆ.

ಇನ್ನು ಊಟದ ಪ್ರಮಾಣದ ವಿಚಾರ. ಬಸುರಿ ಇಬ್ಬರ ಊಟ ಮಾಡಬೇಕೆನ್ನುವವರು ಒಂದು ಕಡೆ. ಕಡಿಮೆ ಉಣ್ಣಬೇಕೆನ್ನುವವರು ಇನ್ನೊಂದು ಕಡೆ. ನಮ್ಮ ಹಳ್ಳಿಯಲ್ಲಿ ಎರಡನೆಯ ಪಕ್ಷದವರೇ ಹೆಚ್ಚು. “ಕೂಸು ದಪ್ಪ ಆದ್ರೆ ಹೆರಿಗೆ ಕಷ್ಟ ಕಣವ್ವ, ಅರೆಹೊಟ್ಟೆ ಉಣ್ಣು” ಎಂಬುದು ಅಜ್ಜಿಯ ಉಪದೇಶ. ನಾನು ಯೋಚಿಸಿ ನೋಡಿದೆ. ಕನ್ನಡದಲ್ಲಿ ಅನ್ನ ಹೋಗುವ ಚೀಲಕ್ಕೂ ಹೊಟ್ಟೆಯೆನ್ನುತ್ತೇವೆ, ಕೂಸು ಬೆಳೆಯುವ ಚೀಲಕ್ಕೂ ಹೊಟ್ಟೆಯೆನ್ನುತ್ತೇವೆ. ಎರಡಕ್ಕೂ ಒಂದೇ ಮಾತಿರುವುದರಿಂದ ಎರಡೂ ಒಂದೇ ಚೀಲ, ಅನ್ನ ತುಂಬಿದರೆ ಕೂಸಿಗೆ ಜಾಗವಿಲ್ಲ ಎಂಬ ಭಾವನೆ ಬೆಳೆದಿರಬಹುದೇನೋ. ಗರ್ಭಕೋಶ ಬೇರೆ, ಜಠರ ಬೇರೆ ಎಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆ. ಅಜ್ಜಿ ಚಿತ್ರವನ್ನು ನೋಡಿ ನಕ್ಕಳು, ಒಪ್ಪಿದಳೆಂದು ಹೇಳಲಾರೆ. ತಾಯಿ ಅರೆಹೊಟ್ಟೆ ಉಂಡರೆ ಹೆರಿಗೆ ಸುಲಭವಾಗುವುದೆಂದು ನಂಬಬೇಕಾಗಿಲ್ಲ. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚುತ್ತದೆ. ಅಂಥ ಮಗುವಿಗೆ ಕಾಯಿಲೆಗಳನ್ನು ಎದುರಿಸುವ ಶಕ್ತಿ ಕಡಿಮೆ.

ಹಾಗೆಂದು ಇಬ್ಬರ ಊಟವೂ ಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು 2020ರಲ್ಲಿ ಹೇಳಿರುವ ಪ್ರಕಾರ ಗರ್ಭಿಣಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚಾಗಿ ಸಿಕ್ಕಿದರೆ ಸಾಕು. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಮುದ್ದೆ, ಒಂದು ಲೋಟ ಹಾಲು. ಇದಕ್ಕಿಂತ ಮುಖ್ಯವಾಗಿ ಹೆಚ್ಚಬೇಕಾದುದು ಸಸಾರಜನಕ, ಎಂದರೆ ಪ್ರೋಟೀನು. ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಹೆಚ್ಚು ಬೇಕು. ಬೇಳೆ, ಕಾಳು, ಕಡಲೆಕಾಯಿ, ಹಾಲು, ಮೊಟ್ಟೆಗಳಿಂದ ಅದು ಬರಬೇಕು. ಮಾಂಸ ತಿನ್ನುವವರ ಮನೆಯಲ್ಲಿ ಕಷ್ಟವೇನಿಲ್ಲವೆಂದು ತೋರಬಹುದು. ಆದರೆ ಕೋಳಿ ಕೊಯ್ದ ದಿನ ಬಡಿಸುವ ಕ್ರಮವನ್ನು ನೋಡಿರಿ: ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಪಾತ್ರೆಯ ತಳದ ಸಾರು ಹೆಂಗಸರಿಗೆ. ಮಾಂಸದ ಕಬ್ಬಿಣ ತುಂಡಿನಲ್ಲಿದೆಯೇ ಹೊರತು ಸಾರಿನಲ್ಲಿಲ್ಲ.

2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಉದ್ದೇಶ ಇದೇ ಕ್ರಮವನ್ನು ತಿದ್ದುವುದಾಗಿತ್ತು. ಗರ್ಭಿಣಿಯೂ ಬಾಣಂತಿಯೂ ಅಂಗನವಾಡಿಗೇ ಬಂದು ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಗಳನ್ನು ಅಲ್ಲಿಯೇ ಕುಳಿತು ಉಣ್ಣಬೇಕೆಂದು ಅದನ್ನು ರೂಪಿಸಿದರು. ಮನೆಗೆ ಒಯ್ದರೆ ಅದು ಎಲ್ಲರ ಪಾಲಾಗುತ್ತದೆಂಬುದನ್ನು ಬಲ್ಲವರೇ ಹೀಗೆ ಮಾಡಿರಬೇಕು. ಬಿಸಿಲಲ್ಲಿ ನಡೆದು ಹೋಗಲಾರದವರು, ಬಾಣಂತಿ ಹೊಸಿಲು ದಾಟಬಾರದೆನ್ನುವವರು, ಅವರ ಜೊತೆ ಕುಳಿತು ಉಣ್ಣಲಾರೆವೆನ್ನುವವರು, ಹೀಗೆ ತೊಡಕುಗಳೂ ಇದ್ದುವು. ಕೊನೆಯದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ನಿಷೇಧಗಳ ಪಟ್ಟಿ ಬಹಳ ಉದ್ದವಾದುದು. ಒಂದೆರಡನ್ನು ಮಾತ್ರ ಹೇಳುತ್ತೇನೆ. ಪರಂಗಿಯ ವಿಷಯದಲ್ಲಿ ಹಿರಿಯರ ಮಾತು ಅರ್ಧ ನಿಜ. ಕಾಯಿಯ ಹಾಲು ಗರ್ಭಕೋಶವನ್ನು ಸಂಕೋಚಗೊಳಿಸುತ್ತದೆ, ಚೆನ್ನಾಗಿ ಮಾಗಿದ ಹಣ್ಣು ಹಾಗೆ ಮಾಡುವುದಿಲ್ಲ ಎಂದು ಇಲಿಗಳ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ತಿಳಿದಿದೆ. ಕೇಸರಿಯಿಂದ ಮಗು ಬೆಳ್ಳಗಾಗುವುದೆಂಬುದು ಸುಳ್ಳು. ಆ ಹಣಕ್ಕೆ ಒಂದು ತಿಂಗಳು ಮೊಟ್ಟೆ ಬರುತ್ತದೆ. ಕೆಮ್ಮಣ್ಣು, ಬಳಪ, ಹಸಿ ಅಕ್ಕಿಗಳನ್ನು ತಿನ್ನುವ ಬಯಕೆಯನ್ನು ನಗೆಯ ವಿಷಯವೆಂದು ತಿಳಿಯುತ್ತಾರೆ. ರಕ್ತದಲ್ಲಿ ಕಬ್ಬಿಣ ಕಡಿಮೆಯಾದವರಲ್ಲಿ ಈ ಬಯಕೆ ಹೆಚ್ಚಾಗಿ ಕಾಣುವುದರಿಂದ ಅದನ್ನು ಡಾಕ್ಟರರಿಗೆ ಹೇಳಬೇಕು. ಎಲೆಅಡಿಕೆಯ ಜೊತೆಗೆ ಹೊಗೆಸೊಪ್ಪು ಹಾಕುವ ಅಭ್ಯಾಸವನ್ನು ಮಾತ್ರ ಯಾರೂ ನಿಷೇಧಿಸುವುದಿಲ್ಲ. ನಿಜವಾಗಿ ನಿಷೇಧಿಸಬೇಕಾದುದು ಅದು. ಮಗುವಿನ ತೂಕವನ್ನು ಅದು ಇಳಿಸುತ್ತದೆ.

ಬಸುರಿನಲ್ಲಿ ಕಾಣುವ ಅನೇಕ ಕಷ್ಟಗಳಿಗೆ ಹಾರ್ಮೋನುಗಳೆಂಬ ರಸಗಳು ಕಾರಣ. ಮೊದಲ ಮೂರು ತಿಂಗಳ ವಾಂತಿಯನ್ನು ಗರ್ಭದ ಮಾಸಿನಿಂದ ಬರುವ ಹಾರ್ಮೋನುಗಳಿಗೆ ಸಂಬಂಧಿಸುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಆರು ಸಲ ಉಣ್ಣುವುದು, ಎದ್ದ ಕೂಡಲೆ ಒಣ ರೊಟ್ಟಿಯ ಚೂರೋ ಪುರಿಯೋ ತಿನ್ನುವುದು ಇದಕ್ಕೆ ಸುಲಭೋಪಾಯ. ಪ್ರೊಜೆಸ್ಟರಾನ್ ಎಂಬುದು ಗರ್ಭಕೋಶವನ್ನು ಸಡಿಲವಾಗಿಡುವುದರ ಜೊತೆಗೆ ಕರುಳನ್ನೂ ನಿಧಾನಗೊಳಿಸುವುದರಿಂದ ಮಲಬದ್ಧತೆ, ಎದೆಯುರಿಗಳು ಬರುತ್ತವೆ. ನೀರು, ಸೊಪ್ಪು, ನಡಿಗೆ, ಈ ಮೂರೂ ಬೇಕು. ಮಾಸಿನಿಂದ ಹುಟ್ಟುವ ಬೇರೆ ಕೆಲವು ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಮಾಡಿ ಕೆಲವರಲ್ಲಿ ಸಕ್ಕರೆಯ ಕಾಯಿಲೆಯನ್ನು ಉಂಟುಮಾಡುತ್ತವೆ. ಹೊರಗೆ ಯಾವ ಲಕ್ಷಣವೂ ಕಾಣದೆ ಇರಬಹುದಾದುದರಿಂದ ಪರೀಕ್ಷೆಯೇ ದಾರಿ. 75 ಗ್ರಾಂ ಗ್ಲೂಕೋಸನ್ನು ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚಿದ್ದರೆ ಕಾಯಿಲೆಯಿದೆಯೆಂದು ಅರ್ಥ. ಮೊದಲ ಸಲವೇ ಮಾಡಿಸಿ, 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸಬೇಕು. ಅಕ್ಕನಿಗೆ 118 ಇತ್ತು.

ವ್ಯಾಯಾಮವೆಂಬ ಮಾತನ್ನು ನಮ್ಮ ಮನೆಯಲ್ಲಿ ಎತ್ತಿದಾಗ ಅವ್ವ, “ಹೊಲದಲ್ಲಿ ಬಗ್ಗಿ ಕಳೆ ಕೀಳೋರಿಗೆ ಯಾತರ ವ್ಯಾಯಾಮ?” ಎಂದಳು. ಮಾತು ನಿಜವೇ. ಚರಕಸಂಹಿತೆಯಲ್ಲಿ ಗರ್ಭಿಣಿಯನ್ನು ಎಣ್ಣೆ ತುಂಬಿದ ಪಾತ್ರೆಯಂತೆ ತುಳುಕದ ಹಾಗೆ ನೋಡಿಕೊಳ್ಳಬೇಕೆಂಬ ಹೋಲಿಕೆಯಿದೆ. ಪಟ್ಟಣದ ಉಳ್ಳವರ ಮನೆಗಳಲ್ಲಿ ಇದನ್ನು ಅತಿಯಾಗಿ ಪಾಲಿಸಿ ಬಸುರಿಯನ್ನು ಕೂತಲ್ಲಿಂದ ಏಳಗೊಡಿಸರು. ಕೂಲಿಯವರ ಹಟ್ಟಿಯಲ್ಲಿ ಒಂಬತ್ತನೆಯ ತಿಂಗಳಲ್ಲಿಯೂ ಹೊರೆ ಹೊರಿಸುವರು. ಒಬ್ಬಳಿಗೆ ಬೇಕಾದುದು ನಡಿಗೆ, ಇನ್ನೊಬ್ಬಳಿಗೆ ಬೇಕಾದುದು ವಿಶ್ರಾಂತಿ ಮತ್ತು ಮುದ್ದೆ. ಇಬ್ಬರಿಗೂ ಒಂದೇ ಉಪದೇಶ ಮಾಡುವ ಪುಸ್ತಕಗಳನ್ನು ನಾನು ನಂಬುವುದಿಲ್ಲ.

ಕೂತು ಕೆಲಸ ಮಾಡುವವರಿಗೆ, ವೈದ್ಯರು ಬೇಡವೆಂದು ಹೇಳದಿದ್ದರೆ, ವಾರಕ್ಕೆ 150 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ನಡೆದರೆ ಅಷ್ಟಾಯಿತು. ನಡೆಯುವಾಗ ಮಾತಾಡಲು ಸಾಧ್ಯವಾಗಬೇಕು. ಏದುಸಿರು ಬಂದರೆ ಅದು ಹೆಚ್ಚಾಯಿತು. ಅಕ್ಕನೂ ನಾನೂ ಸಂಜೆ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಅವಳು ಮಾತಾಡುತ್ತಲೇ ಇದ್ದುದರಿಂದ ಪರೀಕ್ಷೆಯಲ್ಲಿ ಎಂದೂ ಫೇಲಾಗಲಿಲ್ಲ. ಗರ್ಭಿಣಿಯಾದಾಗ ಕೀಲುಗಳ ಕಟ್ಟು ಸಡಿಲವಾಗುವುದರಿಂದ ಜಿಗಿತ, ಥಟ್ಟನೆ ತಿರುಗುವುದು, ಭಾರ ಎತ್ತುವುದು ಸಲ್ಲದು. ಐದಾರು ತಿಂಗಳ ಮೇಲೆ ಅಂಗಾತ ಮಲಗಿ ಮಾಡುವ ಆಸನಗಳನ್ನು ಬಿಡಬೇಕು, ಏಕೆಂದರೆ ಗರ್ಭದ ಭಾರವು ಬೆನ್ನಿನ ಬಳಿಯ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಎಡ ಮಗ್ಗುಲಲ್ಲಿ ಮಲಗುವುದು ಮೇಲು. ರಕ್ತ ಕಂಡರೆ, ನೀರು ಹೋದರೆ, ಮುಖ ಕೈಗಳು ಊದಿ ತಲೆನೋವು ಬಂದು ಕಣ್ಣು ಮಂಜಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ ವ್ಯಾಯಾಮವೂ ಬೇಡ, ಕಷಾಯವೂ ಬೇಡ. ಆಸ್ಪತ್ರೆಯ ಗಾಡಿಗೆ 108ಕ್ಕೆ ಫೋನು ಮಾಡಬೇಕು.

ಏಳನೆಯ ತಿಂಗಳಲ್ಲಿ ಅಕ್ಕನಿಗೆ ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೆಲವು ಸಲ ಕೊಟ್ಟರು. ಹೆರಿಗೆಯ ಹೊತ್ತಿಗೆ 10.4ಕ್ಕೆ ಬಂತು. ಹೆಣ್ಣು ಮಗು, 2 ಕೆ.ಜಿ. 600 ಗ್ರಾಂ. ಅಜ್ಜಿ ಮೊದಲು ನೋಡಿದುದು ಬಣ್ಣವನ್ನು. ಮಗು ನಮ್ಮೆಲ್ಲರ ಬಣ್ಣವೇ ಆಗಿತ್ತು.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಬಾಣಂತನ ಆರಂಭವಾಯಿತು. ಬಿಳಿಯ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಸೊಪ್ಪು ಶೀತ, ಕಾಳು ವಾಯು, ನೀರು ಕುಡಿದರೆ ಹೊಟ್ಟೆ ಬರುತ್ತದೆ. ಈ ಪಥ್ಯದ ಕೆಲವು ಭಾಗಗಳನ್ನು ನಾನು ಮೆಚ್ಚುತ್ತೇನೆ. ನಲವತ್ತು ದಿನ ಹೆಣ್ಣಿಗೆ ಕೆಲಸವಿಲ್ಲದೆ ವಿಶ್ರಾಂತಿ ಸಿಗುವುದು ಆಗ ಮಾತ್ರ. ಎಣ್ಣೆನೀರು, ಸಬ್ಬಸಿಗೆ ಸೊಪ್ಪಿನ ಸಾರು ಎಲ್ಲವೂ ಒಳ್ಳೆಯವೇ. ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರಂಥವರು ಇದ್ದ ನಾಡು ಇದು. ಹಿರಿಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ನೀರನ್ನು ತಡೆಯುವುದೂ ಬರಿಯ ಪಾಲಿಷ್ ಅಕ್ಕಿಯ ಅನ್ನವನ್ನೇ ತಿಂಗಳುಗಟ್ಟಲೆ ಉಣಿಸುವುದೂ ಅಪಾಯ. ಅಕ್ಕಿಯ ತೌಡಿನಲ್ಲಿರುವ ಥಯಮಿನ್ ಎಂಬ ‘ಬಿ 1’ ಜೀವಸತ್ವವು ಪಾಲಿಷ್ ಮಾಡಿದಾಗ ಹೋಗುತ್ತದೆ. ಉಳಿದುದು ಅಕ್ಕಿ ತೊಳೆದ ನೀರಿನಲ್ಲಿಯೂ ಬಸಿದ ಗಂಜಿಯಲ್ಲಿಯೂ ಹೋಗುತ್ತದೆ. ತಾಯಿಯ ಹಾಲಿನಲ್ಲಿ ಅದು ಕಡಿಮೆಯಾದಾಗ ಹಾಲನ್ನೇ ನಂಬಿರುವ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ಏದುಸಿರು ಬಿಟ್ಟು, ಹೃದಯ ಸೋತು ಸಾಯಬಹುದು. ಇಂಥ ಕೂಸುಗಳನ್ನು ಕರ್ನಾಟಕದ ವೈದ್ಯರೂ ಇತ್ತೀಚಿನ ವರ್ಷಗಳಲ್ಲಿ ಕಂಡು ವರದಿ ಮಾಡಿದ್ದಾರೆ. ಅವುಗಳ ತಾಯಂದಿರು ಪಥ್ಯದಲ್ಲಿದ್ದವರು. ಥಯಮಿನ್ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನಗಳಲ್ಲಿ ಮಗು ಚೇತರಿಸಿಕೊಳ್ಳುವುದನ್ನು ನೋಡಿದರೆ ಕಾಯಿಲೆಯ ಮೂಲ ಎಲ್ಲಿದೆಯೆಂದು ಗೊತ್ತಾಗುತ್ತದೆ. ಕರಾವಳಿಯ ಕುಸುಬಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಈ ಸತ್ವ ಕಾಳಿನೊಳಕ್ಕೆ ಇಳಿಯುವುದರಿಂದ ಅಷ್ಟು ನಷ್ಟವಿಲ್ಲ. ಬಾಣಂತಿಯ ತಟ್ಟೆಗೆ ಬೇಳೆ, ಕಾಳು, ಮುದ್ದೆ, ಮೊಟ್ಟೆಗಳು ಮೊದಲ ವಾರದಿಂದಲೇ ಬರಬೇಕು. ನಾನು ಈ ಕೂಸುಗಳ ವಿಷಯ ಹೇಳಿದ ರಾತ್ರಿ ಅಜ್ಜಿ ಏನೂ ಮಾತಾಡಲಿಲ್ಲ. ಮರುದಿನ ಅಕ್ಕನ ಹಾಸಿಗೆಯ ಪಕ್ಕದಲ್ಲಿ ಒಂದು ತಂಬಿಗೆ ನೀರು ಇತ್ತು; ಕಾಯಿಸಿ ಆರಿಸಿದ್ದು, ಜೀರಿಗೆ ಹಾಕಿದ್ದು. ಯಾರು ಇಟ್ಟರೆಂದು ನಾನು ಕೇಳಲಿಲ್ಲ.

ಅಕ್ಕನ ಜೊತೆ ಓಡಾಡುವಾಗ ಒಂದು ದಿನ ಅವ್ವನ ರಕ್ತವನ್ನೂ ನೋಡಿಸಿದೆ. ಅವಳಿಗೆ ನಲವತ್ತಾರು. ಮುಟ್ಟು ಎರಡು ತಿಂಗಳು ಇಲ್ಲದೆ ಆಮೇಲೆ ಹನ್ನೆರಡು ದಿನ ಹೋಗುತ್ತಿತ್ತು; “ನಿಲ್ಲೋ ಕಾಲ, ಹಂಗೇ” ಎಂದು ಸುಮ್ಮನಿದ್ದಳು. ಆ ವಯಸ್ಸಿನಲ್ಲಿ ಅಂಡಾಶಯದ ಹಾರ್ಮೋನುಗಳು ಏರುಪೇರಾಗಿ ಹೀಗಾಗುವುದುಂಟು. ಆದರೆ ಅತಿಯಾದ ಸ್ರಾವವನ್ನೂ, ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡುದನ್ನೂ ತೋರಿಸದೆ ಇರಬಾರದು. ಅವ್ವನ ಹಿಮೋಗ್ಲೋಬಿನ್ 8.9. ಮೂರು ಮಕ್ಕಳನ್ನು ಹೆತ್ತವಳು, ಅಂದಿನ ವರೆಗೆ ಒಮ್ಮೆಯೂ ತನ್ನ ಅಂಕ ಕೇಳಿರಲಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆಯ ಸುಣ್ಣ ಕರಗುತ್ತದೆ. ಅಲ್ಲಿ ನಮ್ಮ ರಾಗಿ, ಬಿಸಿಲು, ನಡಿಗೆಗಳು ನಿಜವಾಗಿ ಕೆಲಸಕ್ಕೆ ಬರುತ್ತವೆ.

ನನ್ನದು 10.8. ಬಸುರಿಯಲ್ಲದ ಹೆಣ್ಣಿಗೆ 12 ಇರಬೇಕು. ಪ್ರೌಢಶಾಲೆಯಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಿದ್ದರು. ನಾವು ಗೆಳತಿಯರು ಅದನ್ನು ನಾಲಿಗೆಯ ಕೆಳಗಿಟ್ಟುಕೊಂಡು ಹೋಗಿ ಕಾಂಪೌಂಡಿನ ಆಚೆಗೆ ಉಗುಳುತ್ತಿದ್ದೆವು. ಈ ಸಂಚಿಕೆಯನ್ನು ಓದುವ ಸೋದರಿಯರಲ್ಲಿ ಹಾಗೆ ಉಗುಳಿದವರು ಎಷ್ಟು ಮಂದಿಯೋ! ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರೆಂದು ಅದೇ ಸಮೀಕ್ಷೆ ಹೇಳುತ್ತದೆ. ಅಕ್ಕನ 9.2 ಬಸುರಿನಲ್ಲಿ ಹುಟ್ಟಿದುದಲ್ಲ, ಅವಳು ಗಂಡನ ಮನೆಗೆ ಹೊತ್ತುಕೊಂಡು ಹೋದುದೇ ಅಷ್ಟು ಎಂದು ಈಗ ನನಗೆ ತೋರುತ್ತದೆ.

ಹೆರಿಗೆಯ ಮೇಲೂ ಅಕ್ಕ 180 ದಿನ ಗುಳಿಗೆ ತೆಗೆದುಕೊಳ್ಳಬೇಕು. ಈಗ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ ನಾವು ಮೂವರೂ ಪಡಸಾಲೆಯಲ್ಲಿ ಕುಳಿತು ನಿಂಬೆಹಣ್ಣಿನ ಪಾನಕದಲ್ಲಿ ಅವರವರ ಗುಳಿಗೆ ನುಂಗುತ್ತೇವೆ. ಖಾಲಿಯಾದ ಹಾಳೆಗಳನ್ನು ಅಜ್ಜಿ ಎಣಿಸಿ ಗೋಡೆಯ ಗೂಡಿನಲ್ಲಿಡುತ್ತಾಳೆ. ಅವ್ವ ಕಾಫಿಯನ್ನು ಮಾತ್ರ ಬಿಟ್ಟಿಲ್ಲ. ತಿಂಡಿಯಾದ ಮೇಲೆ ಒಂದು ಗಂಟೆ ತಡೆಯಲು ಒಪ್ಪಿದ್ದಾಳೆ, ಅದೂ ನಾನು ಮನೆಯಲ್ಲಿದ್ದ ದಿನ.